ನನ್ನದೇನೂ ತಕರಾರಿಲ್ಲ

ಜೂನ್ ೩, ಮಂಗಳವಾರ

ಮೇಲಿನ ಮನೆ ಸಂಕ್ರಾಂತಿಯಿಂದ ಖಾಲಿ ಬಿದ್ದಿದೆ. ಇಂದು ಸಂಜೆ ಬ್ರೋಕರ್ ಹುಸೇನಪ್ಪ ಬಂದ. ನಮ್ಮ ಲಿಂಗಸುಗೂರು ಕಡೆಯವನೇ. ಹೈದರಾಬಾದಿನ ಈ ತಾರ್ನಾಕದಲ್ಲಿ ಯಾವ ಮನೆ ಖಾಲಿಯಾಗುವುದಿದ್ದರೂ ಮನೆಯವರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಚಹಾ ಮುಗಿಯುವ ತನಕ ವಿಷಯ ತೆಗೆಯಲಿಲ್ಲ.

"ಒಬ್ಬ ಹುಡುಗ ಅದಾನ್ರಿ ಅಂಬಣ್ಣೋರ. ಯೂನಿವರ್ಸಿಟಿಯೊಳಗ ಔಷಧದ ಮ್ಯಾಲೆ ಪಿಎಚ್‌ಡಿ ಮಾಡಾಕತ್ತಾನ. ಕುಡಿಯಂಗಿಲ್ಲ, ಸೇದಂಗಿಲ್ಲ. ಭಾಳ ಸಂಭಾವಿತ."

"ಯಾವೂರಾಂವ?"

ಹುಸೇನಪ್ಪ ಕಪ್ಪಿನ ತಳ ನೋಡಿದ. "ಊರು ಸ್ವಲ್ಪ ದೂರ ಐತ್ರಿ."

"ವಿಜಯವಾಡ?"

"ಸೂಡಾನ್."

ನಾನು ಕೂಡಲೇ ಹೇಳಿದೆ: "ನನ್ನದೇನೂ ತಕರಾರಿಲ್ಲ ಹುಸೇನಪ್ಪ. ಆದರ ಓಣ್ಯಾಗ ಮಂದಿ ಏನಂತಾರ?"

ಇದು ಅಪ್ಪಟ ಸತ್ಯ. ಭೇದಭಾವ ನನ್ನ ರಕ್ತದಲ್ಲೇ ಇಲ್ಲ. ರೈಲ್ವೆಯಲ್ಲಿ ಎಲ್ಲಾ ರಾಜ್ಯದವರ ಜೊತೆ ಕೂತು ಉಂಡು ರಿಟೈರ್ ಆದವನು ನಾನು. ಮನೆ ಕೊಡುವ ಮಾತು ಬೇರೆ. ಬಿಹಾರದ ಹುಡುಗರಿಗೆ ಇಲ್ಲ ಅಂದದ್ದು ಗದ್ದಲ ಮಾಡುತ್ತಾರೆ ಎಂದು. ಕೇರಳದವರಿಗೆ ಇಲ್ಲ ಅಂದದ್ದು ಮೀನಿನ ವಾಸನೆಗೆ. ಮೈಸೂರಿನ ಗಂಡ ಹೆಂಡತಿಗೆ ಇಲ್ಲ ಅಂದದ್ದು ಯಾಕೆಂದರೆ, ಆ ಹುಡುಗಿ ನನ್ನ ಹೆಂಡತಿಯ ಮಾತನ್ನು ಬಹಳ ಹೊತ್ತು ಕೇಳಿ, "ಆಂಟಿ, ನಿಮಗೆ ಕನ್ನಡ ಬರಲ್ವಾ?" ಎಂದು ಕೇಳಿದ್ದಕ್ಕೆ. ಇವೆಲ್ಲ ಕಾರಣಗಳು. ಭೇದಭಾವ ಅಲ್ಲ.

ಹುಸೇನಪ್ಪ ಹೋದ ಮೇಲೆ ಹೆಂಡತಿ ಗುರುದೇವಿ ಒಳಗಿನಿಂದಲೇ ಕೇಳಿದಳು: "ಮಂದಿ ಮಂದಿ ಅಂತೀರಲ್ರೀ, ಮಂದಿ ಬಾಡಿಗಿ ಕೊಡ್ತಾರೇನು?"

ಹೆಂಗಸರಿಗೆ ಸಮಾಜ ಅರ್ಥವಾಗುವುದಿಲ್ಲ.

ಜೂನ್ ೪, ಬುಧವಾರ

ಪಾರ್ಕಿನ ಬೆಂಚಿನಲ್ಲಿ ವಿಷಯ ತೆಗೆದೆ. ಬೆಂಚು ಎಂದರೆ ನಾವು ನಾಲ್ವರು. ಕಾಲೊನಿ ಸಂಘದ ಅಧ್ಯಕ್ಷರು ನರಸಿಂಗರಾವ್, ಕರೀಂನಗರದವರು. ಬ್ಯಾಂಕಿನಲ್ಲಿದ್ದ ದೇಶಪಾಂಡೆ, ನಾಂದೇಡದವರು. ಎದುರುಮನೆಯ ಅನಸೂಯಮ್ಮ, ಗುಂಟೂರಿನವರು, ನರ್ಸ್ ಆಗಿದ್ದವರು, ಈಗ ಒಬ್ಬರೇ ಇದ್ದಾರೆ. ಮತ್ತೆ ನಾನು.

"ವಿದೇಶಿಯರಾ?" ನರಸಿಂಗರಾವ್ ಎದ್ದು ನಿಂತರು. ಅವರು ಎದ್ದು ನಿಂತರೆ ಭಾಷಣ. "ಹೊರಗಿನವರು ಬಂದೇ ಈ ಊರು ಕೆಟ್ಟದ್ದು ಅಂಬಣ್ಣಗಾರು!"

ದೇಶಪಾಂಡೆ ತಲೆಯಾಡಿಸಿದರು. ಅನಸೂಯಮ್ಮ ತಲೆಯಾಡಿಸಿದರು. ನಾನು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿ, "ಅದಕ್ಕೇ ನಾನು ಖಡಾಖಂಡಿತ ಇಲ್ಲ ಅಂದುಬಿಟ್ಟೆ" ಎಂದೆ.

ಬರುವಾಗ ನೆನಪಾಯಿತು. ತೆಲಂಗಾಣ ಚಳವಳಿಯ ಕಾಲದಲ್ಲಿ ಇದೇ ನರಸಿಂಗರಾವ್ ಬೆಳಿಗ್ಗೆ ಚೌಕದಲ್ಲಿ "ಆಂಧ್ರದವರೇ ಹಿಂತಿರುಗಿ" ಎಂದು ಮೈಕಿನಲ್ಲಿ ಕೂಗಿ, ಸಂಜೆ ಗಂಟಲು ಬಿದ್ದು, ಬಿಪಿ ನೋಡಿಸಿಕೊಳ್ಳಲು ಗುಂಟೂರಿನ ಅನಸೂಯಮ್ಮನ ಮನೆಗೇ ಹೋಗುತ್ತಿದ್ದರು. ಆಕೆ ಬಿಪಿಯನ್ನೂ ನೋಡುತ್ತಿದ್ದರು, ಉಪ್ಪುನೀರಿನಲ್ಲಿ ಮುಕ್ಕಳಿಸಿ ಅಂತಲೂ ಹೇಳುತ್ತಿದ್ದರು.

ಜೂನ್ ೮, ಭಾನುವಾರ

ಮಗಳು ಪೂರ್ವಿಯ ಮನೆಗೆ, ಕೊಂಡಾಪುರಕ್ಕೆ, ಊಟಕ್ಕೆ ಹೋಗಿದ್ದೆವು. ಹದಿನೆಂಟನೇ ಮಹಡಿ. ಅಳಿಯ ನಿಶಾಂತ ಆಫೀಸಿನ ಸ್ನೇಹಿತರನ್ನೂ ಕರೆದಿದ್ದ. ಪೂರ್ವಿಯ ಬಾಸ್ ಭಕ್ತಿ ಎಂಬವಳೂ ಇದ್ದಳು. ಎಲ್ಲರೂ ಸಮಾನರು ಎಂದು ಸಿಬ್ಬಂದಿಗೆ ಪಾಠ ಹೇಳುವುದೇ ಪೂರ್ವಿಯ ಕೆಲಸವಂತೆ. ಅದಕ್ಕೆ ಕಂಪನಿ ಸಂಬಳ ಕೊಡುತ್ತದೆ.

ಊಟದ ಹೊತ್ತಿಗೆ ಮಾತು ಬಂತು. ಊರಲ್ಲಿ ಬಾಡಿಗೆ ಮನೆ ಕೊಡುವವರು ಎಷ್ಟು ಸಂಕುಚಿತರು, ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂದು ಕೇಳುತ್ತಾರೆ. ಎಲ್ಲರೂ ಛೇ ಛೇ ಎಂದರು. ನಾನೂ ಛೇ ಎಂದೆ. ಯಾರೋ ನನ್ನ ಕಡೆ ನೋಡಿದರು. ಆಗ ನನ್ನ ಬಾಯಿಂದ ಬಂದ ಮಾತು: "ಜಗತ್ತೇ ಒಂದು ಮನೆ ಅಂದ ಮೇಲೆ ಮೇಲಿನ ಮಹಡಿ ಯಾವ ಲೆಕ್ಕ? ನಾನಂತೂ ಸೂಡಾನಿನ ಒಬ್ಬ ವಿದ್ಯಾರ್ಥಿಗೆ ಮನೆ ಕೊಟ್ಟೇಬಿಟ್ಟೆ."

ಭಕ್ತಿ ಚಮಚ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು. ಪೂರ್ವಿಯ ಕಣ್ಣು ಒದ್ದೆಯಾಯಿತು. ಗುರುದೇವಿ ಮಾತ್ರ ನನ್ನನ್ನು, ತಪ್ಪು ಪ್ಲಾಟ್‌ಫಾರ್ಮಿಗೆ ಬಂದ ರೈಲನ್ನು ನೋಡುವ ಹಾಗೆ ನೋಡುತ್ತಿದ್ದಳು.

ಜೂನ್ ೯, ಸೋಮವಾರ

ಪೂರ್ವಿ ಅಂತರ್ಜಾಲದಲ್ಲಿ ನನ್ನ ಫೋಟೋ ಹಾಕಿ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಿದ್ದಾಳೆ: ನನ್ನ ಅಪ್ಪ, ನನ್ನ ಮೊದಲ ಗುರು. ಸಾವಿರಾರು ಜನ ಮೆಚ್ಚಿದ್ದಾರೆ. ಜರ್ಮನಿಯಿಂದ ಒಬ್ಬರು ನಮಸ್ಕಾರ ಕಳಿಸಿದ್ದಾರೆ.

ಹುಸೇನಪ್ಪನಿಗೆ ಫೋನು ಮಾಡಿದೆ. ಬೇರೆ ದಾರಿ ಇರಲಿಲ್ಲ.

ಜೂನ್ ೧೫, ಭಾನುವಾರ

ಸೂಡಾನಿನವನು ಬಂದ. ಹೆಸರು ಇದ್ರಿಸ್. ಎತ್ತರ ಎಷ್ಟೆಂದರೆ ಮೆಟ್ಟಿಲ ಮೇಲಿನ ತೊಲೆಗೆ ಬಂದ ಕೂಡಲೇ ತಲೆ ಹೊಡೆದುಕೊಂಡ. ನಾನು ಬಹಳ ಕಷ್ಟಪಟ್ಟು ಇಂಗ್ಲಿಷ್ ಜೋಡಿಸಿಕೊಂಡಿದ್ದೆ. ಅವನು ಹಣೆ ಉಜ್ಜಿಕೊಳ್ಳುತ್ತಾ, "ಕೈಕು ಇತ್ತಾ ನೀಚೇ ಬನಾಯೇ ಅಂಕಲ್?" ಎಂದ, ಇಷ್ಟು ಕೆಳಗೆ ಯಾಕೆ ಕಟ್ಟಿಸಿದಿರಿ ಎಂದು. ಶುದ್ಧ ಹೈದರಾಬಾದಿ! ಆರು ವರ್ಷದಿಂದ ಇಲ್ಲಿದ್ದಾನಂತೆ. ನಮ್ಮ ಲಿಂಗಸುಗೂರಿನ ಸಂತೆಯ ಉರ್ದುವಿಗೂ ಅವನ ಮಾತಿಗೂ ಕೂದಲೆಳೆಯ ಅಂತರ.

ಮನೆಯಲ್ಲಿ ಮಾಂಸ ಬೇಯಿಸಬಾರದು ಎಂದೆ. ಒಪ್ಪಿದ. "ಅಂಡಾ?" ಎಂದು ಕೇಳಿದ. ನಾನು ಗುರುದೇವಿಯ ಮುಖ ನೋಡಿದೆ.

"ತತ್ತಿ ಮ್ಯಾಲೆ ಮಾಡ್ಕೊಳ್ಳಾಕ ಹೇಳ್ರಿ. ನನಗ ಹೇಳಬ್ಯಾಡ ಅಂತನೂ ಹೇಳ್ರಿ."

ಬೆಂಚಿನವರಿಗೆ, ಎರಡೇ ತಿಂಗಳ ಮಟ್ಟಿಗೆ, ಮಗಳ ಒತ್ತಾಯಕ್ಕೆ ಇಟ್ಟುಕೊಂಡಿದ್ದೇನೆ ಎಂದು ಹೇಳಿದ್ದೇನೆ. ನರಸಿಂಗರಾವ್, "ಸಭೆ ಕರೀಬೇಕಾಗುತ್ತದೆ" ಎಂದರು. ಕರೆಯಲೇಬೇಕು ಎಂದೆ. ಯಾಕೆ ಹಾಗಂದೆನೋ.

ಜೂನ್ ೧೯, ಗುರುವಾರ

ಮೇಲಿನವನ ಹೆಜ್ಜೆ ಸಪ್ಪಳ ಇಲ್ಲವೇ ಇಲ್ಲ. ಇದು ಅನುಮಾನಕ್ಕೆ ಆಸ್ಪದ ಕೊಡುತ್ತದೆ.

ಜೂನ್ ೨೨, ಭಾನುವಾರ

ಇಂದು ಮೇಲಿಂದ ಭಯಂಕರ ಕೂಗಾಟ. ಅರಬ್ಬಿಯಲ್ಲಿ. ನಾನು ಅಂದುಕೊಂಡ ಹಾಗೇ ಆಯಿತು ಎಂದು ಒಂಥರಾ ಸಮಾಧಾನದಿಂದಲೇ ಮೇಲೆ ಹೋದೆ.

ಒಬ್ಬನೇ ಕಿಟಕಿಗೆ ಫೋನು ಒತ್ತಿ ಹಿಡಿದು ಕೂಗುತ್ತಿದ್ದ. ಆಚೆ ತಾಯಿ. ಅಲ್ಲಿ ಯುದ್ಧ ಶುರುವಾದ ಮೇಲೆ ಆಕೆ ಕೈರೋಗೆ ಹೋಗಿ ತಂಗಿಯ ಮನೆಯಲ್ಲಿದ್ದಾಳಂತೆ. ಕಿವಿ ಮಂದ, ಲೈನು ಅದಕ್ಕಿಂತ ಮಂದ.

"ಏನು ಹೇಳುತ್ತಿದ್ದೆ ಅಷ್ಟು ಜೋರಾಗಿ?"

"ಊಟ ಮಾಡಿದೆ ಅಂತ ಅಂಕಲ್. ಆಕೆ ನಂಬುವುದಿಲ್ಲ. ಇಪ್ಪತ್ತು ಸಲ ಹೇಳಬೇಕು."

ಗದರಿಸಲು ಹೋದವನು, ಫ್ಯಾನ್ ಸರಿಯಾಗಿ ತಿರುಗುತ್ತಿದೆಯೇ ಎಂದು ಕೇಳಿ ಬಂದೆ. ತಿರುಗುತ್ತಿತ್ತು.

ಜೂನ್ ೨೭, ಶುಕ್ರವಾರ

ಗುರುದೇವಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಇದ್ರಿಸ್ ಇಳಿದು ಬಂದ. ಯಾರೋ ಬಾಗಿಲು ತಟ್ಟುತ್ತಿದ್ದಾರೆ ಅಂದುಕೊಂಡನಂತೆ. ಹಿಟ್ಟು ಮೂಸಿ ನೋಡಿ ನಿಂತುಬಿಟ್ಟ. ಜೋಳ! ಅವರ ಊರಲ್ಲೂ ಜೋಳವೇ ಅಂತೆ. ಹುಳಿ ಬರಿಸಿ ತೆಳ್ಳಗೆ ಹರಡುತ್ತಾರಂತೆ, ಕಿಸ್ರಾ ಅಂತ ಹೆಸರು. ಸಂಜೆ ತಾನೇ ಮಾಡಿ ತಂದ.

ಗುರುದೇವಿ ಒಂದು ತುಂಡು ತಿಂದು ತೀರ್ಪು ಕೊಟ್ಟಳು: "ದೋಸಿನೂ ಆಗಿಲ್ಲ, ರೊಟ್ಟಿನೂ ಆಗಿಲ್ಲ. ಯಾರ ಕಲಿಸ್ಯಾರ ನಿನಗ?"

ನಾನು ಅನುವಾದ ಮಾಡುವಾಗ "ಬಹಳ ಚೆನ್ನಾಗಿದೆ" ಎಂದೆ. ಅವನು ಆಕೆಯ ಮುಖದಿಂದಲೇ ನನ್ನ ಸುಳ್ಳು ಹಿಡಿದು, "ಝೂಟ್ ಬೋಲ್ರೇ ಅಂಕಲ್" ಎಂದು ನಕ್ಕ. ಈಗ ಇಬ್ಬರೂ ದಿನಾ ಅಡುಗೆಮನೆಯಲ್ಲಿ ಜಗಳ ಆಡುತ್ತಾರೆ. ಅವಳು ಕನ್ನಡದಲ್ಲಿ, ಅವನು ಉರ್ದುವಿನಲ್ಲಿ. ಇಬ್ಬರಿಗೂ ಅರ್ಥವಾಗುತ್ತದೆ. ಅನುವಾದಕ್ಕೆ ನನ್ನನ್ನು ಕರೆಯುವುದನ್ನು ನಿಲ್ಲಿಸಿದ್ದಾರೆ.

ಜುಲೈ ೨, ಬುಧವಾರ

ಹುಸೇನಪ್ಪ ಮತ್ತೆ ಬಂದಿದ್ದ. ಹಿತ್ತಲ ಕಡೆಯ ಒಂಟಿ ಕೋಣೆಗೆ ನೈಜೀರಿಯಾದ ಒಬ್ಬ ವಿದ್ಯಾರ್ಥಿ ಸಿದ್ಧ ಇದ್ದಾನಂತೆ. ನಿಮ್ಮ ಕಡೆಯವನೇ ಅಲ್ಲವೇ, ನಿನಗೆ ಜೊತೆಯಾದೀತು ಎಂದು ಇದ್ರಿಸನನ್ನು ಕೇಳಿದೆ.

ಇದ್ರಿಸ್ ಹೌಹಾರಿ ಬೇಡವೇ ಬೇಡ ಎಂದ. "ನಕ್ಕೋ ಅಂಕಲ್! ನೈಜೀರಿಯಾದವರಾ? ಸಂಗೀತ ಎಷ್ಟು ಜೋರಾಗಿ ಹಾಕುತ್ತಾರೆ ಗೊತ್ತಾ? ಮತ್ತೆ ಅವರು ಆ ಕಡೆ, ನಾವು ಈ ಕಡೆ. ನಡುವೆ ಇನ್ನೊಂದು ದೇಶವೇ ಇದೆ!"

"ನಿನಗೆ ಪರಿಚಯದವರು ಯಾರಾದರೂ ಇದ್ದಾರಾ ನೈಜೀರಿಯಾದವರು?"

ಸ್ವಲ್ಪ ಯೋಚಿಸಿ, "ಇಲ್ಲ" ಎಂದ.

ಈ ಹುಡುಗ ನಮ್ಮ ಬೆಂಚಿನಲ್ಲಿ ಕೂರಲು ಎಲ್ಲಾ ರೀತಿಯಿಂದ ಯೋಗ್ಯ.

ಜುಲೈ ೪, ಶುಕ್ರವಾರ

ಭಾನುವಾರ ಸಭೆ. ವಿದೇಶಿಯರಿಗೆ ಮನೆ ಕೊಡಬಾರದು ಎಂಬ ಠರಾವು. ಸಮುದಾಯ ಭವನಕ್ಕೆ ಬೋನಾಲು ಹಬ್ಬದ ಬಣ್ಣ ಬಳಿಯುತ್ತಿದ್ದಾರೆ, ಆದ್ದರಿಂದ ನಿಮ್ಮ ಅಂಗಳದಲ್ಲೇ ಸೇರೋಣ ಎಂದರು ನರಸಿಂಗರಾವ್. ನನ್ನ ಮನೆಯ ವಿರುದ್ಧದ ಸಭೆಗೆ ನನ್ನದೇ ಅಂಗಳ. ಆಗಲಿ ಎಂದೆ. ಚಹಾ ನಮ್ಮದೇ ಎಂದೂ ಹೇಳಿದೆ.

ಔಷಧ ಅಂಗಡಿಯಲ್ಲಿ ದೇಶಪಾಂಡೆ ಪಕ್ಕಕ್ಕೆ ಕರೆದರು. "ವೈಯಕ್ತಿಕವಾಗಿ ನನ್ನದೇನೂ ಇಲ್ಲ ಅಂಬಣ್ಣ. ಅನಸೂಯಮ್ಮ ಒಬ್ಬರೇ ಇರುವವರು, ಹೆದರುತ್ತಾರೆ ನೋಡಿ."

ಮನೆಗೆ ಬಂದರೆ ಅನಸೂಯಮ್ಮ ಗೇಟಿನಲ್ಲಿ. "ನನಗೆಂಥ ಭಯ? ಹುಡುಗ ಮೊನ್ನೆ ನನ್ನ ಸಿಲಿಂಡರ್ ಎತ್ತಿ ಒಳಗಿಟ್ಟ. ಆದರೆ ದೇಶಪಾಂಡೆಗಾರು ಮಡಿ ಜನ, ಪಾಪ."

ಸಂಜೆ ನರಸಿಂಗರಾವ್ ಫೋನು: "ನಾನು ಬರೀ ಅಧ್ಯಕ್ಷ. ಜನ ಕೇಳುತ್ತಿದ್ದಾರೆ, ಏನು ಮಾಡಲಿ?"

ಮೂವರಿಗೂ ಹೌದು ಹೌದು ಎಂದೆ.

ಜುಲೈ ೬, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಸಭೆಗೆ ಓಣಿಯ ಎಲ್ಲರೂ ಬಂದರು. ಬೋನಾಲು ಹಬ್ಬದ ಸಭೆ ಎಂದುಕೊಂಡು ಇದ್ರಿಸನೇ ಮೇಲಿನಿಂದ ಕುರ್ಚಿ ಇಳಿಸಿ ಸಾಲಾಗಿ ಹಾಕಿದ. ನಾನು ತಡೆಯಲಿಲ್ಲ. ಹೇಗೆ ತಡೆಯಲಿ?

ಒಬ್ಬೊಬ್ಬರಾಗಿ ಮಾತಾಡಿದರು. ನನ್ನದೇನೂ ಇಲ್ಲ, ಬೇರೆಯವರಿಗೆ ತೊಂದರೆ. ನನಗೇನೂ ಇಲ್ಲ, ಹಿರಿಯರಿಗೆ ಇಷ್ಟವಿಲ್ಲ. ಹಿರಿಯರೆಂದರು, ನಮಗೇನೂ ಇಲ್ಲ, ಮಕ್ಕಳಿರುವ ಮನೆಗಳಿಗೆ ಕಷ್ಟ. ಮಕ್ಕಳಿರುವವರು ಹಿರಿಯರ ಕಡೆ ಕೈ ತೋರಿಸಿದರು. ಹೀಗೆ ಮಾತು ಇಡೀ ಓಣಿ ಸುತ್ತಿ ಹೊರಟಲ್ಲಿಗೇ ಬಂತು.

ಆಗ ಚಹಾ ತಂದ ಗುರುದೇವಿ ತಟ್ಟೆ ಕೆಳಗಿಟ್ಟಳು. ಅವಳ ತೆಲುಗು ಎಂದರೆ ಕನ್ನಡಕ್ಕೆ ತೆಲುಗಿನ ಬಾಲ ಹಚ್ಚಿದ್ದು, ಆದರೆ ಎಲ್ಲರಿಗೂ ತಿಳಿಯುತ್ತದೆ. ಅವಳು ಹೇಳಿದ್ದು ಇಷ್ಟು: "ಬ್ಯಾರೇದವರ ಮಾತು ಬಿಡ್ರಿ. ತಮಗ ಸ್ವಂತ ತ್ರಾಸು ಐತಿ ಅನ್ನೋರು ಕೈ ಎತ್ರಿ. ನೋಡೇಬಿಡೋಣು."

ನಾನು ರೂಢಿಯಂತೆ ನರಸಿಂಗರಾವ್ ಕಡೆ ನೋಡಿದೆ. ಅವರ ಕೈ ಮೇಲೆ ಹೋಯಿತು. ಅಧ್ಯಕ್ಷರೇ ಎತ್ತಿದ ಮೇಲೆ ಎಲ್ಲರೂ ಎತ್ತುತ್ತಾರೆ ಎಂದು ನಾನೂ ಎತ್ತಿದೆ.

ಅವರು ಕಿವಿಯ ಹತ್ತಿರ ಪಟ್ಟನೆ ಚಪ್ಪಾಳೆ ಹೊಡೆದು, ಸತ್ತ ಸೊಳ್ಳೆಯನ್ನು ಅಂಗೈಯಿಂದ ಕೊಡವಿ, ಕೈ ಇಳಿಸಿದರು.

ಇಡೀ ಸಭೆಯಲ್ಲಿ ನನ್ನದೊಂದೇ ಕೈ ಮೇಲಿತ್ತು. ಅದನ್ನು ಹಾಗೇ ತಲೆಗೆ ತಂದು ಕೆರೆದುಕೊಂಡೆ. ತಡವಾಗಿತ್ತು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅನಸೂಯಮ್ಮ ಕಣ್ಣೊರೆಸಿಕೊಂಡರು. ಆ ನಗುವಿನಲ್ಲಿ ಠರಾವು ಎಲ್ಲಿ ಬಿತ್ತೋ, ಯಾರೂ ಎತ್ತಿಕೊಳ್ಳಲಿಲ್ಲ.

ಇದ್ರಿಸ್ ಮೆಟ್ಟಿಲ ಮೇಲೆ ನಿಂತಿದ್ದ. ಅವನು ನಗಲಿಲ್ಲ. ಎಲ್ಲರೂ ಹೋದ ಮೇಲೆ ಕುರ್ಚಿಗಳನ್ನೆಲ್ಲ ಮೇಲೆ ಒಯ್ದ. "ಗುಡ್ ನೈಟ್, ಸರ್" ಎಂದ. ಇಷ್ಟು ದಿನ ಅಂಕಲ್ ಅನ್ನುತ್ತಿದ್ದ.

ಜುಲೈ ೭, ಸೋಮವಾರ

ಗುರುದೇವಿ ಮಾತಾಡುತ್ತಿಲ್ಲ.

ಜುಲೈ ೮, ಮಂಗಳವಾರ

ರೊಟ್ಟಿ ಬಡಿದಳು. ಯಾರೂ ಇಳಿದು ಬರಲಿಲ್ಲ. ಒಟ್ಟಿದ ರೊಟ್ಟಿ ನೋಡಿ, "ನೀವ ಎಲ್ಲಾ ತಿನ್ರಿ" ಎಂದಳು. ಮಾತಾಡಿದಳು ಎಂದೇ ಲೆಕ್ಕ.

ಜುಲೈ ೧೦, ಗುರುವಾರ

ಪಾರ್ಕಿಗೆ ಹೋಗಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದೆ. ಮೊಣಕಾಲು ಚೆನ್ನಾಗಿಯೇ ಇದೆ.

ಜುಲೈ ೧೨, ಶನಿವಾರ

ಮೇಲೆ ಹೋದೆ. ನಲ್ಲಿ ಸೋರುತ್ತಿದೆಯಂತಲ್ಲ ಎಂದೆ. ಸೋರುತ್ತಿಲ್ಲ ಎಂದ. ಆದರೂ ಬಿಚ್ಚಿದೆ. ಬಿಚ್ಚಿದ ಮೇಲೆ ಸೋರತೊಡಗಿತು. ಇಬ್ಬರೂ ಒದ್ದೆಯಾಗಿ ಹೇಗೋ ವಾಷರ್ ಕೂರಿಸಿದೆವು.

ಸ್ಪ್ಯಾನರ್ ಒರೆಸುತ್ತಾ ಅವನೇ ಅಂದ: "ಈ ಊರಲ್ಲಿ ಇದು ನನಗೆ ಆರನೇ ಮನೆ. ಎಲ್ಲರೂ ಬೇರೆಯವರ ಹೆಸರು ಹೇಳಿಯೇ ಬಿಡಿಸಿದರು. ತನಗೇ ಬೇಡ ಅಂತ ಕೈ ಎತ್ತಿದವರು ನೀವೊಬ್ಬರೇ. ಅದಕ್ಕೂ ಧೈರ್ಯ ಬೇಕು."

ಇದಕ್ಕಿಂತ ಅವನು ಬೈದಿದ್ದರೆ ಒಳ್ಳೆಯದಿತ್ತು. ಧೈರ್ಯ ಅಲ್ಲ ಎಂದೆ. ನರಸಿಂಗರಾವ್ ಎತ್ತಿದ್ದಕ್ಕೆ ಎತ್ತಿದೆ ಎಂದೆ. ಅವರು ಎತ್ತಿದ್ದು ಸೊಳ್ಳೆಗೆ ಎಂದೂ ಹೇಳಿದೆ.

"ಮಚ್ಛರ್?"

"ಮಚ್ಛರ್."

ಅವನು ನೆಲದ ಮೇಲೆ ಕೂತು, ಒದ್ದೆ ಗೋಡೆಗೆ ತಲೆ ಆನಿಸಿ ನಕ್ಕ. ನಗು ನಿಂತ ಮೇಲೆ, ಊರಿನ ಆಚೆ ತುದಿಯ ಟೋಲಿಚೌಕಿಯಲ್ಲಿ ನಮ್ಮ ದೇಶದವರ ಜೊತೆ ಒಂದು ಜಾಗ ನೋಡಿದ್ದೇನೆ, ತಿಂಗಳ ಕೊನೆಗೆ ಹೋಗಬಹುದು ಎಂದ. ನಿನ್ನಿಷ್ಟ ಎಂದೆ. ಗುರುದೇವಿಗೆ ಇನ್ನೂ ಹೇಳಿಲ್ಲ.

ಜುಲೈ ೧೬, ಬುಧವಾರ

ಭಾನುವಾರ ಮೊಮ್ಮಗಳು ಶರ್ವರಿಯ ಹುಟ್ಟುಹಬ್ಬ. ಇದ್ರಿಸನನ್ನೂ ಕರೆತರುತ್ತೇನೆ ಎಂದು ಪೂರ್ವಿಗೆ ಫೋನಿನಲ್ಲಿ ಹೇಳಿದೆ.

"ಅಪ್ಪಾ, ನನ್ನದೇನೂ ಇಲ್ಲ... ಆದರ ನಮ್ಮ ಸೊಸೈಟ್ಯಾಗ ಅಜ್ಜ ಅಜ್ಜಿಗೋಳು ಬರ್ತಾರ, ಸ್ವಲ್ಪ ಹಳೇ ಕಾಲದ ಮಂದಿ. ಅವಂಗೂ ಬ್ಯಾಸರಾದೀತು."

"ನೀನ ಬರೆದಿದ್ದೆಲ್ಲವ್ವಾ ಅಷ್ಟುದ್ದ?"

"ಅದು ಬ್ಯಾರೆ ಅಪ್ಪಾ."

ಹೌದಮ್ಮ ಎನ್ನಲು ಬಾಯಿ ತೆರೆದೆ. ಕೆಮ್ಮು ಬಂತು. ಹಾಗಾದರೆ ನಾನೂ ಬರುವುದಿಲ್ಲ, ಮೊಣಕಾಲು ನೋವು ಎಂದೆ.

ಜುಲೈ ೧೮, ಶುಕ್ರವಾರ

ಪೂರ್ವಿಯ ಫೋನು. ಭಕ್ತಿ ಮೇಡಂ ಬರುತ್ತಾಳಂತೆ. ನಿಮ್ಮಪ್ಪನ ಸೂಡಾನಿ ಬಾಡಿಗೆದಾರ ಬರುತ್ತಾನಲ್ಲವೇ ಎಂದು ಕೇಳಿದಳಂತೆ. "ಅಪ್ಪಾ, ಅವನ್ನ ಮರೀದ ಕರ್ಕೊಂಡು ಬರ್ರಿ!"

ಅವನು ಬರುತ್ತಾನೋ ಇಲ್ಲವೋ ಕೇಳಬೇಕು ಎಂದೆ. ಮೇಲೆ ಹೋಗಿ ಕೇಳಿದೆ. ಕೇಕ್ ಇರುತ್ತದಾ ಎಂದ.

ಜುಲೈ ೨೦, ಭಾನುವಾರ

ಗುರುದೇವಿ ನಿನ್ನೆಯೇ ಅಡುಗೆಗೆಂದು ಕೊಂಡಾಪುರಕ್ಕೆ ಹೋಗಿದ್ದಳು. ನಾನು ಮತ್ತು ಇದ್ರಿಸ್ ಸಂಜೆ ಆಟೋದಲ್ಲಿ ಹೊರಟೆವು. ಅವನು ಯಾವುದೋ ಸಮ್ಮೇಳನಕ್ಕೆ ಹೊಲಿಸಿದ ನೀಲಿ ಸೂಟು ಹಾಕಿದ್ದ. ನಾನು ಧೋತರ, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಕಡಕ್ ರೊಟ್ಟಿಯ ಗಂಟು. ಶರ್ವರಿಗೆ ಅದು ಕೇಕಿಗಿಂತ ಇಷ್ಟ.

ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ: ಗೇಟಿನಲ್ಲಿ ಇವನನ್ನು ತಡೆದರೆ ಏನು ಹೇಳಲಿ? ಇವರು ಡಾಕ್ಟರು ಎನ್ನಲೇ, ಮಗಳ ಕಂಪನಿಯವರು ಎನ್ನಲೇ? ಎಲ್ಲಾ ಹಿಂದಿಯಲ್ಲಿ ಜೋಡಿಸಿಕೊಂಡೆ.

ಗೇಟಿನ ಸೆಕ್ಯುರಿಟಿಯವನು ಇದ್ರಿಸನನ್ನು ನೋಡಿದ ಕೂಡಲೇ ಕಾಲು ಜೋಡಿಸಿ ಸಲಾಮು ಹೊಡೆದ. "ಗುಡ್ ಈವನಿಂಗ್ ಸರ್!" ಗೇಟು ತೆರೆಯಿತು. ಆ ಸೊಸೈಟಿಯಲ್ಲಿ ದೊಡ್ಡ ದೊಡ್ಡ ಕಂಪನಿಗಳ ವಿದೇಶಿ ಸಾಹೇಬರು ಬಹಳ ಜನ ಇದ್ದಾರಂತೆ. ಇದ್ರಿಸ್ ಒಳಗೆ ಹೋದ. ಹಿಂದೆ ಹೊರಟ ನನ್ನ ಎದೆಗೆ ಅಡ್ಡ ಒಂದು ಕೋಲು ಬಂತು.

"ಏ ಚಾಚಾ, ಕಿಧರ್? ಸರ್ವಿಸ್ ಗೇಟ್ ಆ ಕಡೆ. ರೊಟ್ಟಿ ಡೆಲಿವರಿ ಯಾವ ಫ್ಲಾಟಿಗೆ?"

ನನ್ನ ಮಗಳ ಮನೆ ಎಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಎಂದ. ಪೂರ್ವಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮೇಲೆ ಹಾಡು ಹಾಕಿರಬೇಕು. ನನ್ನ ಹಿಂದೆ ಕಾರುಗಳು ಹಾರ್ನ್ ಹೊಡೆಯತೊಡಗಿದವು. "ಸೈಡ್, ಸೈಡ್" ಎಂದು ಅವನು ನನ್ನನ್ನು ಹೂಕುಂಡದ ಪಕ್ಕಕ್ಕೆ ಸರಿಸಿದ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನನ್ನಂಥವರನ್ನು ದಿನಾ ಸರಿಸಿ ರೂಢಿ ಇರಬೇಕು. ಅದೇ ನನಗೆ ಹೆಚ್ಚು ನಾಟಿತು.

ಅಷ್ಟರಲ್ಲಿ ಇದ್ರಿಸ್ ಹಿಂತಿರುಗಿ ನೋಡಿದ. ಈ ಮನುಷ್ಯ ನಿಮ್ಮ ಜೊತೆಯವನೇ ಎಂದು ಸೆಕ್ಯುರಿಟಿಯವನು ಬಹಳ ವಿನಯದಿಂದ ಕೇಳಿದ: "ಸರ್, ಯೇ ಆದ್ಮಿ ಆಪ್ ಕೇ ಸಾಥ್ ಹೈ ಕ್ಯಾ?"

ಇದ್ರಿಸ್ ನನ್ನನ್ನು ನೋಡಿದ. ಧೋತರ ನೋಡಿದ. ರೊಟ್ಟಿಯ ಗಂಟು ನೋಡಿದ. ಗಡ್ಡ ಸವರಿಕೊಂಡ.

"ಸೋಚ್‌ಕೇ ಬೋಲ್ತೂಂ" ಎಂದ. ಯೋಚಿಸಿ ಹೇಳುತ್ತಾನಂತೆ!

ಹೌದು ಎಂದು ಹೇಳದಿದ್ದರೂ ಅವನ ತಪ್ಪೇನಿರಲಿಲ್ಲ. ಕೋಲಿನ ಈಚೆ ನಿಂತು ನಾನು ಅವನ ಮುಖವನ್ನೇ ನೋಡುತ್ತಿದ್ದೆ.

ಆಮೇಲೆ ಅವನು ನಾಲ್ಕು ಹೆಜ್ಜೆ ಹಿಂದೆ ಬಂದು, ಕೋಲನ್ನು ತಾನೇ ಎತ್ತಿ ಹಿಡಿದು, ನನ್ನ ಕೈಯ ಗಂಟು ತೆಗೆದುಕೊಂಡ. "ಹಮಾರೇ ಘರ್ ಕೇ ಬಡೇ ಹೈಂ. ಆನೇ ದೋ" ಎಂದ, ನಮ್ಮ ಮನೆಯ ಹಿರಿಯರು, ಬಿಡು ಎಂದು.

ಸೆಕ್ಯುರಿಟಿಯವನು ನನಗೂ ಸಲಾಮು ಹೊಡೆದ.

ಲಿಫ್ಟಿನಲ್ಲಿ ಹತ್ತನೇ ಮಹಡಿ ದಾಟುವಾಗ ಅವನಿಗೆ ನಗು ತಡೆಯಲಾಗಲಿಲ್ಲ, ನನಗೂ.

ಸಮಾರಂಭ ಚೆನ್ನಾಗಿ ಆಯಿತು. ಭಕ್ತಿ ಅವನ ಜೊತೆ ಫೋಟೋ ತೆಗೆಸಿಕೊಂಡಳು. ಪೂರ್ವಿ ಹೇಳಿದ ಹಳೇ ಕಾಲದ ಅಜ್ಜಿಯರು ಅವನನ್ನು ಸುತ್ತುಗಟ್ಟಿ, ಮದುವೆಯಾಗಿದೆಯೇ, ತಾಯಿ ಎಲ್ಲಿದ್ದಾಳೆ, ಸಕ್ಕರೆ ಕಾಯಿಲೆಗೆ ಯಾವ ಗುಳಿಗೆ ಒಳ್ಳೆಯದು ಎಂದು ಜೀವ ತಿಂದರು. ಒಬ್ಬ ಅಜ್ಜ ಮಾತ್ರ ಅವನು ಕೂತ ಕೂಡಲೇ ಕುರ್ಚಿ ಬದಲಿಸಿದರು. ಇದ್ರಿಸ್ ನೋಡಿದ. ನಾನೂ ನೋಡಿದೆ. ಖಾಲಿಯಾದ ಕುರ್ಚಿಯಲ್ಲಿ ನಾನು ಕೂತೆ. ಬೇರೆ ಕುರ್ಚಿ ಇರಲಿಲ್ಲ, ಅದಕ್ಕೆ.

ಮರಳಿ ಬರುವಾಗ ಮೂವರೂ ಒಂದೇ ಆಟೋದಲ್ಲಿ. ಗುರುದೇವಿ ನಡುವೆ ತೂಕಡಿಸುತ್ತಿದ್ದಳು. ತಾರ್ನಾಕ ಹತ್ತಿರವಾದ ಮೇಲೆ ಇದ್ರಿಸ್ ಹೊರಗೆ ನೋಡುತ್ತಲೇ ಕೇಳಿದ: "ಅಂಕಲ್, ಮೇಲಿನ ಅಡುಗೆಮನೆಯ ಗೋಡೆಗೆ ಒಂದು ಶೆಲ್ಫ್ ಹಾಕಿಸಬಹುದಾ? ಹಿಟ್ಟಿನ ಡಬ್ಬ ಇಡಲು ಜಾಗವೇ ಇಲ್ಲ."

ತಿಂಗಳ ಕೊನೆಗೆ ಹೋಗುವವನಿಗೆ ಶೆಲ್ಫ್ ಯಾಕೆ ಎಂದು ನಾನು ಕೇಳಲಿಲ್ಲ. ಹಾಕಿಸೋಣ ಎಂದೆ.

ಬೆಳಿಗ್ಗೆ ಬಡಿಗನನ್ನು ಕರೆಯಬೇಕು. ಡ್ರಿಲ್ಲಿನ ಸದ್ದಿಗೆ ನರಸಿಂಗರಾವ್ ಬಂದು, ಎರಡು ತಿಂಗಳಿಗೆ ಅಂದಿದ್ದಿರಲ್ಲ, ಇದೇನು ಎಂದು ಕೇಳುತ್ತಾರೆ.

ಕೇಳಲಿ.